ಹತ್ತುವ ಮೊದಲು ಆಡಬೇಕಾದ ಮಾತು

ವಾಕ್ಯಭಾಗ: 1 ಸಮುವೇಲನು 14ನೇ ಅಧ್ಯಾಯ, 1ರಿಂದ 15 ಮತ್ತು 24ರಿಂದ 32ನೇ ವಚನಗಳು

  ದಯವಿಟ್ಟು ಸತ್ಯವೇದವನ್ನು ತೆರೆದು ಈ ಅಧ್ಯಾಯವನ್ನು ಕೈಯಲ್ಲಿ ಇಟ್ಟುಕೊಳ್ಳಿ. ನಾನು ಹೇಳೋದು ಅಲ್ಲಿ ಇದೆಯೋ ಇಲ್ವೋ ಅಂತ ನೀವೇ ನೋಡಿಕೊಳ್ಳಬೇಕು.

ಬೆಟ್ಟ ಅಂದ ಕೂಡಲೇ ನಮಗೆ ಸೀನಾಯಿಯ ಮೇಲೆ ಮೋಶೆ, ಕರ್ಮೆಲಿನ ಮೇಲೆ ಎಲೀಯ ನೆನಪಾಗ್ತಾರೆ. ಇವತ್ತಿನ ಪಾಠದಲ್ಲಿ ಬರುವುದು ಇಬ್ಬರು ಜೊತೆಯಾಗಿ ಹತ್ತಿದ ಕಡಿದಾದ ಬಂಡೆ. ಒಬ್ಬನ ಹೆಸರು ಯೋನಾತಾನ. ಇನ್ನೊಬ್ಬ ಅವನ ಆಯುಧ ಹೊರುವವನು. ಅವನ ಹೆಸರನ್ನು ಸತ್ಯವೇದ ಎಲ್ಲಿಯೂ ಹೇಳುವುದಿಲ್ಲ. ಈ ಭಾಗದ ಮೇಲೆ ಧೈರ್ಯದ ಬಗ್ಗೆ, ವಿಶ್ವಾಸದ ಬಗ್ಗೆ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೀರಿ. ನಾನೂ ಮಾಡಿದ್ದೇನೆ. ಆದರೆ ಇವತ್ತು ಆ ಹೆಸರಿಲ್ಲದವನ ಕಡೆಯಿಂದ ನೋಡೋಣ. ಯಾಕಂದ್ರೆ ನಾನು ಒಂದು ಬೆಟ್ಟದಲ್ಲಿ ಅಂಥ ಒಬ್ಬನನ್ನು ಬಿಟ್ಟು ಹೋದವನು.

ನನ್ನ ಸಾಕ್ಷಿ

ಇದು ನಾನು ಬೈಬಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ನಡೆದದ್ದು. ಜನವರಿ ತಿಂಗಳು, ನಾಲ್ಕು ದಿನ ರಜೆ ಸಿಕ್ಕಿತ್ತು. ನಾನೂ ನನ್ನ ರೂಮ್‌ಮೇಟೂ ಕುಮಾರ ಪರ್ವತ ಹತ್ತೋಣ ಅಂತ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಸ್ ಹತ್ತಿದೆವು. ಹೋದವರಿಗೆ ಗೊತ್ತಿರುತ್ತೆ, ಅದು ಸುಲಭದ ಬೆಟ್ಟವಲ್ಲ. ಎತ್ತರ 1,712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ, ಹಾಗಾಗಿ ಸುಮಾರು ಒಂದೂವರೆ ಸಾವಿರ ಮೀಟರನ್ನು ನಮ್ಮ ಕಾಲೇ ಏರಬೇಕು. ಮೊದಲು ದಟ್ಟ ಕಾಡು, ಬೇರುಗಳ ಮೇಲೆ ಹತ್ತುವ ದಾರಿ. ಆಮೇಲೆ ಚಾರಣಿಗರಿಗೆ ಊಟ ಕೊಡುವ ಭಟ್ಟರ ಮನೆ. ಅದರಾಚೆ ಗಿರಿಗದ್ದೆಯಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಅಲ್ಲಿಂದ ಕಲ್ಲು ಮಂಟಪದವರೆಗೆ ಬರೀ ಹುಲ್ಲುಗಾವಲು. ಒಂದು ಮರದ ನೆರಳೂ ಇಲ್ಲ. ಜನವರಿ ಅಂದ್ರೂ ಬಿಸಿಲು ನೆತ್ತಿಯನ್ನು ಸುಡುತ್ತೆ. ಕಲ್ಲು ಮಂಟಪ ದಾಟಿದ ಮೇಲೆ ಶೇಷ ಪರ್ವತ, ಆಮೇಲೆ ಸ್ವಲ್ಪ ಇಳಿದು ಮತ್ತೆ ಕಾಡು, ಬಂಡೆ, ಕೊನೆಗೆ ಶಿಖರ.

ನನ್ನ ತಲೆಯಲ್ಲಿ ಒಂದೇ ಯೋಚನೆ. ಒಂದೇ ದಿನದಲ್ಲಿ ಮೇಲೆ ಹೋಗಿ ಕೆಳಗೆ ಬರಬೇಕು. ಬೆಳಿಗ್ಗೆ ಆರು ಗಂಟೆಗೆ ಹೊರಟೆವು. ನನ್ನ ಕೈಯಲ್ಲಿ ಕ್ಯಾಮೆರಾ. ದೊಡ್ಡ ಬ್ಯಾಗ್ ಅವನ ಬೆನ್ನ ಮೇಲೆ, ಯಾಕಂದ್ರೆ ಅವನು ನನಗಿಂತ ಗಟ್ಟಿ. ಭಟ್ಟರ ಮನೆ ಹತ್ತಿರ ಅವನು, "ಸ್ವಲ್ಪ ಕೂರೋಣ ಕಣೋ" ಅಂದ. "ಟೈಮ್ ಇಲ್ಲ, ಬರುವಾಗ ಕೂರೋಣ" ಅಂದೆ. ಹುಲ್ಲುಗಾವಲಿನಲ್ಲಿ ಅವನು ನೀರಿನ ಬಾಟಲಿ ತೆಗೆದಾಗ, "ಈಗಲೇ ಖಾಲಿ ಮಾಡ್ಬೇಡ, ಮೇಲೆ ಬೇಕಾಗುತ್ತೆ" ಅಂದೆ. ಅವನು ಒಂದು ಗುಟುಕು ಕುಡಿದು ಮುಚ್ಚಳ ಹಾಕಿದ. ಮೂರು ಸಲ ಹೀಗೇ ಆಯಿತು. ಮೂರು ಸಲವೂ ಅವನು ನನ್ನ ಮಾತು ಕೇಳಿದ.

ಕಲ್ಲು ಮಂಟಪಕ್ಕೆ ಬಂದಾಗ ಹನ್ನೆರಡು ಗಂಟೆ. ಅವನಿಗೆ ಮೀನಖಂಡ ಹಿಡಿದುಕೊಂಡಿತ್ತು, ತಲೆ ಸುತ್ತುತ್ತಿತ್ತು. ಬೆವರಿನಲ್ಲಿ ನೀರೂ ಹೋಗುತ್ತೆ, ಉಪ್ಪೂ ಹೋಗುತ್ತೆ. ಎರಡನ್ನೂ ವಾಪಸ್ ಕೊಡದೆ ನಡೆಸಿದರೆ ದೇಹ ನಿಂತುಬಿಡುತ್ತೆ. ಇದು ನನಗೆ ಇವತ್ತು ಗೊತ್ತು, ಅವತ್ತು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಶಿಖರ ಇನ್ನೇನು ಹತ್ತಿರ ಇದೆ ಅನ್ನೋದು ಮಾತ್ರ. ನಾನು ಎದ್ದು ನಿಂತು ಕೇಳಿದೆ, "ನೀನು ಇಲ್ಲೇ ಕೂತಿರು, ನಾನು ಹೋಗಿ ಬರಲಾ?" ಅವನು, "ಹೋಗು" ಅಂದ.

ನಾನು ಹೋದೆ. ಮೇಲೆ ಮಂಜು ಮುಚ್ಚಿತ್ತು, ಏನೂ ಕಾಣಲಿಲ್ಲ. ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು ನನ್ನ ಫೋಟೋ ನಾನೇ ತೆಗೆದುಕೊಂಡೆ. ಮೂರೂವರೆಗೆ ಮಂಟಪಕ್ಕೆ ಬಂದರೆ ಅವನು ಇರಲಿಲ್ಲ. ಬ್ಯಾಗೂ ಇರಲಿಲ್ಲ. ಪ್ರಿಯರೇ, ಆನೆ ಓಡಾಡುವ ಕಾಡು ಅದು. ಆ ಎರಡು ಗಂಟೆ ನಾನು ಅವನ ಹೆಸರು ಕೂಗುತ್ತಾ ಹೇಗೆ ಇಳಿದೆ ಅಂತ ನನಗೇ ಗೊತ್ತಿಲ್ಲ. ಪ್ರಾರ್ಥನೆ ಮಾಡಿದೆ ಅಂತ ಹೇಳಲಾರೆ. ಅತ್ತೆ, ಅಷ್ಟೆ. ಕತ್ತಲಾಗುವ ಹೊತ್ತಿಗೆ ಭಟ್ಟರ ಮನೆಯ ಜಗಲಿಯಲ್ಲಿ ಅವನು ಮಲಗಿದ್ದ. ಕೆಳಗಿಳಿಯುತ್ತಿದ್ದ ಯಾರೋ ಹುಡುಗರು, ಪರಿಚಯವೇ ಇಲ್ಲದವರು, ಅವನು ವಾಂತಿ ಮಾಡುತ್ತಿದ್ದದ್ದನ್ನು ನೋಡಿ ಓಆರ್‌ಎಸ್ ಕುಡಿಸಿ, ಬ್ಯಾಗ್ ಹೊತ್ತು, ಕೈ ಹಿಡಿದು ಇಳಿಸಿದ್ದರು. ನನ್ನನ್ನು ನೋಡಿ ಅವನು ಕೇಳಿದ್ದು ಒಂದೇ ಮಾತು: "ಫೋಟೋ ಬಂತಾ?"

ಎರಡು ವಾರ ಆದ ಮೇಲೆ ನಾನು ಧೈರ್ಯ ಮಾಡಿ ಕೇಳಿದೆ, "ನೀನೇ ತಾನೇ ಹೋಗು ಅಂದಿದ್ದು?" ಅವನು ಕೋಪ ಮಾಡಿಕೊಳ್ಳಲಿಲ್ಲ. ಮೆತ್ತಗೆ ಹೇಳಿದ, "ಹೌದು ಕಣೋ. ಆದ್ರೆ ನೀನು ಕೇಳುವಾಗ ಆಗಲೇ ಎದ್ದು ನಿಂತಿದ್ದೆ."

ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಈಗ ವಾಕ್ಯಕ್ಕೆ ಬರೋಣ.

1. ಅವರು ಹತ್ತಿದ ಸ್ಥಳ

ಯೆರೂಸಲೇಮಿನ ಈಶಾನ್ಯಕ್ಕೆ, ಹನ್ನೊಂದು ಹನ್ನೆರಡು ಕಿಲೋಮೀಟರ್ ದೂರದಲ್ಲಿ, ಮುಖ್ಮಾಸ್ ಎಂಬ ಹಳ್ಳಿ ಇವತ್ತಿಗೂ ಇದೆ. ಅದೇ ಸತ್ಯವೇದದ ಮಿಕ್ಮಾಷ್. ಅದರ ದಕ್ಷಿಣಕ್ಕೆ ಗೆಬ. ಈ ಎರಡರ ನಡುವೆ ಸುಣ್ಣಕಲ್ಲಿನ ಆಳವಾದ ಕಣಿವೆ. ಕಣಿವೆಯ ಎರಡು ಪಕ್ಕದಲ್ಲಿ ಎರಡು ಚೂಪು ಬಂಡೆಗಳು. 4ನೇ ವಚನ ಅವುಗಳ ಹೆಸರನ್ನೂ ಹೇಳುತ್ತೆ: ಬೋಚೇಚ್ ಮತ್ತು ಸೆನೆ. ಸೆನೆ ಅಂದ್ರೆ ಮುಳ್ಳು, ಬೋಚೇಚ್ ಅಂದ್ರೆ ಹೊಳೆಯುವುದು ಅಂತ ವ್ಯಾಖ್ಯಾನಕಾರರು ಅರ್ಥ ಹೇಳ್ತಾರೆ. ಹೊಳೆಯುವ ಬಂಡೆ ಉತ್ತರದ ಬದಿಯಲ್ಲಿತ್ತು, ಅದರ ಮುಖ ದಕ್ಷಿಣದ ಬಿಸಿಲಿಗೆ. ಒಂದು ಕಡೆ ಮುಳ್ಳು, ಇನ್ನೊಂದು ಕಡೆ ಬಿಸಿಲಿಗೆ ಕಾದ ಕಲ್ಲು. ಮೇಲೆ ಫಿಲಿಷ್ಟಿಯರ ಕಾವಲು ದಂಡು. ಯೋನಾತಾನನು ಗೆಬದ ಕಡೆಯಿಂದ ಕಣಿವೆಗೆ ಇಳಿದು ಆಚೆ ಬದಿಯನ್ನು ಹತ್ತಬೇಕಾಗಿತ್ತು.

13ನೇ ವಚನ ನೋಡಿ. ಅವನು ಕೈಕಾಲುಗಳನ್ನು ಬಳಸಿ ಹತ್ತಿದ. ಅಂದ್ರೆ ಕೈಯಲ್ಲಿ ಕತ್ತಿ ಹಿಡಿದು ಹತ್ತುವ ಜಾಗ ಅಲ್ಲ ಅದು. ಕೈ ಬಂಡೆಯ ಮೇಲಿದ್ದರೆ ಕತ್ತಿ ಎಲ್ಲಿರಬೇಕು? ಹಿಂದೆ ಬರುವವನ ಹತ್ತಿರ. ಮುಂದೆ ಹತ್ತುವವನ ಪ್ರಾಣ ಹಿಂದಿನವನ ಹೆಗಲ ಮೇಲಿತ್ತು. ಇನ್ನೂ ಒಂದು ವಿಷಯ. 13ನೇ ಅಧ್ಯಾಯದ 22ನೇ ವಚನಕ್ಕೆ ಹಿಂದೆ ಹೋಗಿ. ಆ ದಿನ ಇಸ್ರಾಯೇಲಿನ ಸೈನ್ಯದಲ್ಲಿ ಸೌಲ ಮತ್ತು ಯೋನಾತಾನ ಇವರಿಬ್ಬರನ್ನು ಬಿಟ್ಟು ಯಾರ ಹತ್ತಿರವೂ ಕತ್ತಿಯಾಗಲಿ ಭರ್ಜಿಯಾಗಲಿ ಇರಲಿಲ್ಲ. ಹಾಗಾದ್ರೆ ಈ ಯೌವನಸ್ಥ ಹೊತ್ತದ್ದು ಬೇರೆಯವನ ಆಯುಧ. ತನ್ನದು ಅಂತ ಒಂದೂ ಇಲ್ಲದೆ ಅವನು ಆ ಬಂಡೆ ಹತ್ತಿದ. ನಮ್ಮ ಸಭೆಗಳಲ್ಲಿಯೂ ಇಂಥವರು ಇದ್ದಾರೆ, ಅಲ್ವಾ? ವೇದಿಕೆ ಅವರದ್ದಲ್ಲ, ಮೈಕ್ ಅವರದ್ದಲ್ಲ, ಆದರೆ ಭಾರ ಅವರದ್ದು.

2. ಯೋನಾತಾನ ಮೊದಲು ಮಾತನಾಡಿದ

ಈಗ ಗಮನವಿಟ್ಟು ಕೇಳಿ. ಯೋನಾತಾನ ಈ ಯೋಜನೆಯನ್ನು ತನ್ನ ತಂದೆಗೂ ಹೇಳಲಿಲ್ಲ. ದಾಳಿಂಬೆ ಮರದ ಕೆಳಗೆ ಕೂತಿದ್ದ ಸುಮಾರು 600 ಜನರಿಗೂ ಹೇಳಲಿಲ್ಲ. ಆದರೆ ಒಬ್ಬನಿಗೆ ಮಾತ್ರ ಎಲ್ಲವನ್ನೂ ಹೇಳಿದ. ಯಾರು ಜೊತೆಗೆ ಹತ್ತಬೇಕೋ ಅವನಿಗೆ.

ಹೇಗೆ ಹೇಳಿದ? 6ನೇ ವಚನದಲ್ಲಿ ಎರಡು ಸಂಗತಿ ಇವೆ. ಮೊದಲನೆಯದು, ರಕ್ಷಿಸೋದಕ್ಕೆ ಯೆಹೋವನಿಗೆ ಬಹಳ ಜನ ಬೇಕೆಂದಿಲ್ಲ, ಕೆಲವರೂ ಸಾಕು ಅನ್ನುವ ದೊಡ್ಡ ವಿಶ್ವಾಸ. ಆಮೆನ್! ಎರಡನೆಯದನ್ನು ನಾವು ಬಿಟ್ಟುಬಿಡ್ತೀವಿ. ಅಲ್ಲಿ "ಒಂದುವೇಳೆ" ಅನ್ನುವ ಪದ ಇದೆ. ಒಂದುವೇಳೆ ದೇವರು ನಮಗಾಗಿ ಕಾರ್ಯ ಮಾಡಬಹುದು ಅನ್ನುವ ಅರ್ಥದಲ್ಲಿ ಅವನು ಹೇಳ್ತಾನೆ. ಗೆಳೆಯನ ಪ್ರಾಣವನ್ನು ಪಣಕ್ಕಿಡುವಾಗ ಅವನು ಸುಳ್ಳು ಖಾತ್ರಿ ಕೊಡಲಿಲ್ಲ. ದೇವರು ನನಗೆ ಹೇಳಿದ್ದಾನೆ, ನೀನು ಸುಮ್ಮನೆ ಬಾ ಅನ್ನಲಿಲ್ಲ. ಅಪಾಯ ಎಷ್ಟಿದೆಯೋ ಅಷ್ಟನ್ನು ಗೆಳೆಯನ ಮುಂದೆ ಇಟ್ಟ. ಇದು ಅವಿಶ್ವಾಸ ಅಲ್ಲ ಪ್ರಿಯರೇ, ಇದು ಪ್ರಾಮಾಣಿಕತೆ.

ಆಗ 7ನೇ ವಚನದಲ್ಲಿ ಆ ಯೌವನಸ್ಥ ಉತ್ತರ ಕೊಡ್ತಾನೆ. ನಿನಗೆ ತೋಚಿದಂತೆ ನಡೆ, ನಾನು ಮನಸಾರೆ ನಿನ್ನ ಜೊತೆಗಿದ್ದೇನೆ ಅನ್ನುವ ಉತ್ತರ. ನನ್ನ ರೂಮ್‌ಮೇಟ್ ಹೇಳಿದ "ಹೋಗು" ಅನ್ನೋದಕ್ಕೂ ಈ ಮಾತಿಗೂ ಏನು ವ್ಯತ್ಯಾಸ? ಇವನಿಗೆ ಬೇಡ ಅನ್ನೋದಕ್ಕೆ ಅವಕಾಶ ಇತ್ತು. ಇನ್ನೂ ಕಣಿವೆಯ ಈಚೆ ಬದಿಯಲ್ಲೇ ಇದ್ದರು. ಯೋನಾತಾನ ಇನ್ನೂ ಎದ್ದು ನಿಂತಿರಲಿಲ್ಲ.

3. ನಿಲ್ಲುವ ಗುರುತನ್ನೂ ಇಟ್ಟುಕೊಂಡರು

9 ಮತ್ತು 10ನೇ ವಚನಗಳು ನನಗೆ ಈ ಪಾಠದ ಹೃದಯ. ಕಾವಲುಗಾರರು ಮೇಲಕ್ಕೆ ಬನ್ನಿ ಅಂದ್ರೆ ಹತ್ತೋಣ, ಅದೇ ದೇವರ ಗುರುತು ಅಂತ ನಾವು ಬೋಧಿಸ್ತೀವಿ. ಆದರೆ ಮೊದಲು ಬರುವುದು ಇನ್ನೊಂದು ಗುರುತು. ಅಲ್ಲೇ ನಿಲ್ಲಿ, ನಾವೇ ಬರ್ತೀವಿ ಅಂತ ಅವರು ಹೇಳಿದರೆ, ಹತ್ತುವುದು ಬೇಡ, ನಿಂತಲ್ಲೇ ನಿಲ್ಲೋಣ ಅಂತ ಯೋನಾತಾನ ಹೇಳಿದ. ಹತ್ತುವ ಗುರುತಿಗಿಂತ ಮೊದಲು ನಿಲ್ಲುವ ಗುರುತು! ವಿಶ್ವಾಸವೀರ ಅಂತ ನಾವು ಕರೆಯುವವನು, ಯಾವಾಗ ಹತ್ತಬಾರದು ಅನ್ನೋದನ್ನು ಕೆಳಗಿರುವಾಗಲೇ ಗೆಳೆಯನ ಜೊತೆ ಮಾತಾಡಿಕೊಂಡ.

ಬೆಟ್ಟ ಹತ್ತುವವರಿಗೂ ಇದು ಗೊತ್ತಿರುವ ನಿಯಮ. ಇಂಥ ಗಂಟೆಗೆ ಎಲ್ಲೇ ಇದ್ದರೂ ತಿರುಗಿ ಬರೋದು ಅಂತ ಕೆಳಗೇ ತೀರ್ಮಾನಿಸಬೇಕು. ಯಾಕಂದ್ರೆ ಶಿಖರ ಕಣ್ಣಿಗೆ ಬಿದ್ದ ಮೇಲೆ ನಮ್ಮ ಬುದ್ಧಿ ನಮ್ಮ ಕೈಯಲ್ಲಿ ಇರಲ್ಲ.

ಎವರೆಸ್ಟ್ ಏರಿದವರು ಯಾರು ಅಂದ್ರೆ ಮಕ್ಕಳೂ ಹೇಳ್ತಾರೆ, 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಅಂತ. ಅದಕ್ಕೆ ಮೂರು ದಿನ ಮೊದಲು, ಮೇ 26ರಂದು, ಅದೇ ತಂಡದ ಇನ್ನಿಬ್ಬರು ಹತ್ತಿದ್ದು ಎಷ್ಟು ಜನರಿಗೆ ಗೊತ್ತು? ಚಾರ್ಲ್ಸ್ ಇವಾನ್ಸ್ ಮತ್ತು ಟಾಮ್ ಬೂರ್ಡಿಲನ್. ಅವರು ಸುಮಾರು 8,750 ಮೀಟರ್ ಎತ್ತರದ ದಕ್ಷಿಣ ಶಿಖರವನ್ನು ಮುಟ್ಟಿದರು. ಅಲ್ಲಿಯವರೆಗೆ ಮನುಷ್ಯರು ಯಾರೂ ಆ ಶಿಖರದಲ್ಲಿ ನಿಂತಿರಲಿಲ್ಲ. ಎವರೆಸ್ಟಿನ ತುದಿಗೆ ಉಳಿದದ್ದು ನೂರು ಮೀಟರಿನಷ್ಟು ಎತ್ತರ ಮಾತ್ರ. ಆದರೆ ಇವಾನ್ಸರ ಆಮ್ಲಜನಕದ ಉಪಕರಣ ತೊಂದರೆ ಕೊಟ್ಟಿತ್ತು. ಮಧ್ಯಾಹ್ನ ಆಗಿತ್ತು, ಇಬ್ಬರೂ ಬಳಲಿದ್ದರು. ಮುಂದೆ ಹೋದರೆ ಮುಟ್ಟಬಹುದೇನೋ, ಆದರೆ ಜೀವಂತ ವಾಪಸ್ ಬರೋದು ಕಷ್ಟ. ಇಬ್ಬರೂ ತಿರುಗಿದರು, ಒಂದೇ ಹಗ್ಗದಲ್ಲಿ. ಮೂರು ದಿನ ಆದ ಮೇಲೆ ಹಿಲರಿ, ತೇನ್‌ಸಿಂಗ್ ಹತ್ತಿದಾಗ, ಇವರು ಮೇಲೆ ಬಿಟ್ಟು ಬಂದಿದ್ದ ಎರಡು ಆಮ್ಲಜನಕದ ಸಿಲಿಂಡರ್‌ಗಳು ಅವರಿಗೆ ಇಳಿಯುವಾಗ ಉಪಯೋಗಕ್ಕೆ ಬಂದವು. ತಿರುಗಿ ಬಂದವರ ಶ್ರಮವೂ ವ್ಯರ್ಥ ಆಗಲಿಲ್ಲ.

4. ಅದೇ ಅಧ್ಯಾಯದಲ್ಲಿ ಇನ್ನೊಬ್ಬ ನಾಯಕ

ದೇವರು ದೊಡ್ಡ ಜಯ ಕೊಟ್ಟನು. ಕಾವಲು ದಂಡಿನಲ್ಲಿ ಸುಮಾರು ಇಪ್ಪತ್ತು ಮಂದಿ ಬಿದ್ದರು, ಭೂಮಿ ನಡುಗಿತು, ಶತ್ರುಗಳ ಪಾಳೆಯ ಚದುರಿತು. ಇಲ್ಲಿಗೆ ನಿಲ್ಲಿಸಬೇಡಿ. 24ನೇ ವಚನಕ್ಕೆ ಬನ್ನಿ.

ಸೌಲ ಏನು ಮಾಡಿದ? ಸಂಜೆಯಾಗುವ ತನಕ, ನನ್ನ ಶತ್ರುಗಳಿಗೆ ನಾನು ಮುಯ್ಯಿ ತೀರಿಸುವ ತನಕ, ಯಾರೂ ಆಹಾರ ಮುಟ್ಟಬಾರದು ಅಂತ ಜನರ ಮೇಲೆ ಆಣೆ ಹಾಕಿದ. "ನನ್ನ" ಅನ್ನೋದನ್ನು ಗಮನಿಸಿ. ಕಾಡಿನಲ್ಲಿ ನೆಲದ ಮೇಲೆ ಜೇನು ಇತ್ತು. ಜನ ನೋಡಿಕೊಂಡೇ ಹೋದರು, ಯಾರೂ ಬಾಯಿಗೆ ಹಾಕಲಿಲ್ಲ. ಆಣೆಯ ವಿಷಯ ಗೊತ್ತಿಲ್ಲದ ಯೋನಾತಾನ ಸ್ವಲ್ಪ ತಿಂದ, ಅವನ ಕಣ್ಣಿಗೆ ಕಳೆ ಬಂತು. ಸಂಜೆಯ ಹೊತ್ತಿಗೆ ಜನ ಎಷ್ಟು ಬಳಲಿದ್ದರು ಅಂದ್ರೆ, ಸಿಕ್ಕ ಪಶುಗಳನ್ನು ಕೊಯ್ದು ರಕ್ತದ ಸಮೇತ ತಿಂದರು ಅಂತ 32ನೇ ವಚನ ಹೇಳುತ್ತೆ. ನಾಯಕ ಹೊರಿಸಿದ ಹಸಿವು ಜನರನ್ನು ಪಾಪಕ್ಕೆ ತಳ್ಳಿತು.

ಉಪವಾಸ ತಪ್ಪು ಅಂತ ನಾನು ಹೇಳ್ತಾ ಇಲ್ಲ. ನಾವು ಉಪವಾಸ ಪ್ರಾರ್ಥನೆ ಮಾಡುವ ಜನ, ಮುಂದೆಯೂ ಮಾಡ್ತೀವಿ. ಆದರೆ ನನ್ನ ಗುರಿಗಾಗಿ ಇನ್ನೊಬ್ಬನ ಹೊಟ್ಟೆಯ ಮೇಲೆ ಆಣೆ ಹಾಕೋದು ಉಪವಾಸ ಅಲ್ಲ.

ಒಂದೇ ಅಧ್ಯಾಯ, ಒಂದೇ ದಿನ, ಇಬ್ಬರು ನಾಯಕರು. ಒಬ್ಬ ಕೇಳಿಕೊಂಡು ಹತ್ತಿದ, ಇನ್ನೊಬ್ಬ ಆಣೆ ಹಾಕಿ ಓಡಿಸಿದ. ವರ್ಷಗಟ್ಟಲೆ ಈ ಅಧ್ಯಾಯ ಓದುವಾಗ ನಾನು ಯೋನಾತಾನ ಅಂದುಕೊಂಡಿದ್ದೆ. ಒಂದು ದಿನ ಪವಿತ್ರಾತ್ಮನು ನನ್ನ ಕಿವಿಯಲ್ಲಿ ನನ್ನದೇ ಮಾತನ್ನು ಕೇಳಿಸಿದನು: "ಈಗಲೇ ಖಾಲಿ ಮಾಡ್ಬೇಡ, ಮೇಲೆ ಬೇಕಾಗುತ್ತೆ." ಅದು ಯೋನಾತಾನನ ಮಾತಲ್ಲ ಪ್ರಿಯರೇ. ಅದು ಸೌಲನ ಮಾತು.

5. ನಮ್ಮ ಸಭೆಗೆ, ನಮ್ಮ ಮನೆಗೆ

ಇದನ್ನು ನಿಮ್ಮ ಮುಂದೆ ಯಾಕೆ ಹೇಳ್ತಿದ್ದೇನೆ? ನಾನು ಕುಮಾರ ಪರ್ವತದಲ್ಲಿ ಕಲಿಯದೇ ಹೋದದ್ದನ್ನು ಇಲ್ಲಿ ಬಂದು ಮತ್ತೆ ಮಾಡಿದೆ. ನಾವು ಸಭೆಯ ಶೀಟು ಬದಲಾಯಿಸುವ ಕೆಲಸ ಹಿಡಿದಾಗ ಒಬ್ಬ ಸಹೋದರರು ಪ್ರತಿ ಸಂಜೆ ಬರ್ತಿದ್ದರು. ಯಾವಾಗ ಕೇಳಿದ್ರೂ "ಆಯ್ತು ಪಾಸ್ಟರ್" ಅನ್ನೋರು. ಆ ಎರಡು ತಿಂಗಳು ಅವರ ಮಕ್ಕಳು ಎಚ್ಚರ ಇರುವಾಗ ಅವರು ಮನೆ ಸೇರಲಿಲ್ಲ ಅನ್ನೋದು ಅವರ ಪತ್ನಿ ಅತ್ತಾಗ ಮಾತ್ರ ನನಗೆ ಗೊತ್ತಾಯಿತು. ಅವರು "ಆಯ್ತು" ಅಂದದ್ದು ನಿಜ. ಆದರೆ ನಾನು ಕೇಳುವಾಗ ಆಗಲೇ ಎದ್ದು ನಿಂತಿದ್ದೆ. ಆ ಕುಟುಂಬದ ಕ್ಷಮೆ ಕೇಳಿದ್ದೇನೆ. ಇವತ್ತು ಸಭೆಯ ಮುಂದೆಯೂ ಕೇಳ್ತೇನೆ.

ಗಂಡಂದಿರೇ, ಸಾಲ ಮಾಡಿ ಮನೆ ಕಟ್ಟುವಾಗ, ಊರು ಬಿಟ್ಟು ದುಬೈಗೋ ಬೆಂಗಳೂರಿಗೋ ಹೋಗುವಾಗ, ಹೆಂಡತಿಯನ್ನು ಯಾವಾಗ ಕೇಳ್ತೀರಿ? ಟಿಕೆಟ್ ತೆಗೆದ ಮೇಲಾ? ಎಷ್ಟು ಆದರೆ ನಿಲ್ಲಿಸೋಣ ಅಂತ ಕೂಡ ಮಾತಾಡಿದ್ದೀರಾ? ಯೌವನಸ್ಥರೇ, ಸೇವೆಗೆ ಸೇರುವಾಗ ನಿಮಗೆ ಆಗದಿದ್ದರೆ ಆಗಲ್ಲ ಅಂತ ಹೇಳಿ. ಅದು ಬಂಡಾಯ ಅಲ್ಲ. ಪ್ರಸಂಗಿ 4ನೇ ಅಧ್ಯಾಯ, ಒಬ್ಬನಿಗಿಂತ ಇಬ್ಬರು ಲೇಸು ಅಂತ ಹೇಳಿ ಕೊಡುವ ಕಾರಣಗಳಲ್ಲಿ ಇದೂ ಒಂದು: ಒಬ್ಬ ಬಿದ್ದರೆ ಇನ್ನೊಬ್ಬ ಎತ್ತುತ್ತಾನೆ. ಬೇಗ ಶಿಖರ ಮುಟ್ಟಬಹುದು ಅಂತ ಅಲ್ಲಿ ಎಲ್ಲೂ ಬರೆದಿಲ್ಲ.

ಕೊನೆಯ ಮಾತು. ಹೋದ ವರ್ಷ ನಾನೂ ನನ್ನ ಸ್ನೇಹಿತನೂ ಮತ್ತೆ ಅದೇ ಬೆಟ್ಟಕ್ಕೆ ಹೋದೆವು. ಈ ಸಲ ದೊಡ್ಡ ಬ್ಯಾಗನ್ನು ಸರದಿಯಲ್ಲಿ ಹೊತ್ತೆವು. ಭಟ್ಟರ ಮನೆಯಲ್ಲಿ ಕೂತೆವು. ಬಾಯಾರಿದಾಗಲೆಲ್ಲಾ ಕುಡಿದೆವು. ಹನ್ನೆರಡೂವರೆಗೆ ಎಲ್ಲೇ ಇದ್ದರೂ ತಿರುಗೋದು ಅಂತ ಕುಕ್ಕೆಯಲ್ಲೇ ಮಾತಾಡಿಕೊಂಡಿದ್ದೆವು. ಶೇಷ ಪರ್ವತದ ಮೇಲೆ ಗಡಿಯಾರ ನೋಡಿದರೆ ಹನ್ನೆರಡೂವರೆ ದಾಟಿ ಹತ್ತು ನಿಮಿಷ. ಅವತ್ತು ಮಂಜು ಇರಲಿಲ್ಲ. ಎದುರಿಗೆ ಕುಮಾರ ಪರ್ವತ ಸ್ಪಷ್ಟವಾಗಿ ಕಾಣ್ತಿತ್ತು. ಇಬ್ಬರೂ ಒಂದು ಕಿತ್ತಳೆ ಹಣ್ಣು ಹಂಚಿಕೊಂಡು ತಿಂದು ಇಳಿದುಬಿಟ್ಟೆವು. ನನ್ನ ಸ್ನೇಹಿತ ಇವತ್ತಿಗೂ ಆ ಶಿಖರ ಮುಟ್ಟಿಲ್ಲ. ನಾನು ಒಬ್ಬನೇ ಮುಟ್ಟಿದ ಫೋಟೋ ಮನೆಯಲ್ಲಿ ಎಲ್ಲೋ ಇದೆ, ಹುಡುಕಿಲ್ಲ. ಶೇಷ ಪರ್ವತದಲ್ಲಿ ಇಬ್ಬರೂ ಕೂತ ಫೋಟೋ ನನ್ನ ಮೇಜಿನ ಮೇಲಿದೆ.

ಈ ವಾರ ಧ್ಯಾನಿಸಲು

ಈಗ ನಾನು ಯಾವ ಬೆಟ್ಟ ಹತ್ತುತ್ತಿದ್ದೇನೆ, ನನ್ನ ಹಿಂದೆ ಭಾರ ಹೊತ್ತು ಬರುವವರು ಯಾರು?
ಅವರನ್ನು ನಾನು ಕೂತು ಕೇಳಿದೆನೋ, ಎದ್ದು ನಿಂತು ಕೇಳಿದೆನೋ?
ನಿಲ್ಲುವ ಗುರುತು ಯಾವುದು ಅಂತ ನಾವು ಮಾತಾಡಿಕೊಂಡಿದ್ದೇವಾ?

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ಹಿಂದೆ ಹತ್ತುವವರ ಮುಖವನ್ನು ತಿರುಗಿ ನೋಡುವ ಕಣ್ಣುಗಳನ್ನು ನಮಗೆ ಕೊಡು. ನಾವು ಬಾಯಾರಿಸಿದವರಿಗೆ ನೀರು ಕೊಟ್ಟ ಅಪರಿಚಿತರಿಗಾಗಿ ನಿನಗೆ ಸ್ತೋತ್ರ. ಕೇಳಿಕೊಂಡು ಹತ್ತುವುದನ್ನೂ, ಜೊತೆಯಾಗಿ ಇಳಿಯುವುದನ್ನೂ ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.